ಕಾರ್ಮಿಕನ ಹಾಡು ಹಾಡಲ್ಲವೇ?



ನಮ್ಮ ಸಂಘದ ವಾರ್ಷಿಕೋತ್ಸವದ ಸಿದ್ಧತೆಗಾಗಿ ಕರೆದ ಸಭೆಯಲ್ಲಿ ಬಂದ ಒಂದು ಮಾತು ಇಷ್ಟು ದಿನವಾದರೂ ನನ್ನ ಎದೆಯಲ್ಲಿ ಮುಳ್ಳಾಗಿ ಉಳಿದಿದೆ. ಹೋಟೇಲಿನ ಅಡಿಗೆಮನೆಯಲ್ಲಿ ದುಡಿಯುವ ನಮ್ಮ ಸದಸ್ಯರೊಬ್ಬರು ತಾವೇ ಕಟ್ಟಿದ ಎರಡು ಹಾಡುಗಳನ್ನು ರಂಗದ ಮೇಲೆ ಹಾಡಲು ಹತ್ತು ನಿಮಿಷ ಕೇಳಿದರು. ಒಂದು ಹಾಡು ಬೆಳಗಿನ ನಾಲ್ಕು ಗಂಟೆಗೆ ಒಲೆ ಹಚ್ಚುವ ಕೈಯನ್ನು ಕುರಿತದ್ದು. ಇನ್ನೊಂದು, ಹೊಗೆ ನಿಂತ ಗಿರಣಿಯ ಚಿಮಣಿಯನ್ನು ಕುರಿತದ್ದು. ಸಭೆಯಲ್ಲಿದ್ದ ಹಿರಿಯರೊಬ್ಬರು ನಕ್ಕರು. "ಇದು ಹಾಡಲ್ಲ ಮಾರಾಯರೆ, ಬೇಡಿಕೆಗಳ ಪಟ್ಟಿ. ಮಟ್ಟು ನೋಡಿದರೆ ಜಾತ್ರೆಯದು, ಮಾತು ನೋಡಿದರೆ ಯೂನಿಯನ್ ಕಚೇರಿಯದು. ನಿಜವಾದ ಕಲಾವಿದ ಜಗಳಕ್ಕೆ ಹೋಗುವುದಿಲ್ಲ" ಎಂದು ಅಪ್ಪಣೆ ಕೊಡಿಸಿದರು. ಅಷ್ಟಕ್ಕೇ ಬಿಡಲಿಲ್ಲ. ಅಮೇರಿಕದಲ್ಲಿರುವ ತಮ್ಮ ಮೊಮ್ಮಕ್ಕಳು ಶಾಲೆಯಲ್ಲಿ 'ದಿಸ್ ಲ್ಯಾಂಡ್ ಈಸ್ ಯುವರ್ ಲ್ಯಾಂಡ್' ಎಂಬ ಹಾಡನ್ನು ಹಾಡುವರೆಂದೂ, ಅದರಲ್ಲಿ ಕೂಲಿಯ ಮಾತಾಗಲಿ ಸಂಪಿನ ಮಾತಾಗಲಿ ಇಲ್ಲವೆಂದೂ, ಅಂಥ ಶುದ್ಧವಾದ ದೇಶಭಕ್ತಿಯ ಹಾಡು ಬರೆದು ತಂದರೆ ರಂಗ ಕೊಡಬಹುದೆಂದೂ ಸೇರಿಸಿದರು. ಸಭೆ ಚಪ್ಪಾಳೆ ತಟ್ಟಿತು. ಹಣವೆಲ್ಲ ಸಿನಿಮಾ ಹಾಡುಗಳ ವಾದ್ಯವೃಂದಕ್ಕೆಂದು ನಿಶ್ಚಯವಾಯಿತು. ಹಾಡು ಕಟ್ಟಿದವರು ತಮ್ಮ ಕಾಗದವನ್ನು ಮಡಿಚಿ ಜೇಬಿಗಿಟ್ಟುಕೊಂಡು, ರಾತ್ರಿ ಪಾಳಿಗೆ ಹೊತ್ತಾಯಿತೆಂದು ಎದ್ದು ಹೋದರು.

ಅಂದು ನಾನು ಬಾಯಿ ತೆರೆಯಲಿಲ್ಲ. ಅದು ನನ್ನ ತಪ್ಪು. ಆ ತಪ್ಪನ್ನು ತಿದ್ದಿಕೊಳ್ಳುವುದಕ್ಕಾಗಿಯೇ ಈ ಲೇಖನ. ಹಿರಿಯರು ಬೇರೆ ಯಾವ ಹಾಡನ್ನು ಉದಾಹರಿಸಿದ್ದರೂ ನಾನು ಸುಮ್ಮನಿರುತ್ತಿದ್ದೆನೋ ಏನೋ. ಆದರೆ ಅವರು ಆರಿಸಿಕೊಂಡದ್ದು ಅವರ ವಾದವನ್ನೇ ಬುಡಮೇಲು ಮಾಡುವ ಹಾಡು. ಅದನ್ನು ಬರೆದವನು ಯಾರು, ಎಲ್ಲಿ ಕುಳಿತು ಬರೆದ, ಏಕೆ ಬರೆದ, ಅದರ ಯಾವ ಚರಣಗಳನ್ನು ಮಕ್ಕಳ ಬಾಯಿಗೆ ಬರದಂತೆ ಬಿಡಲಾಯಿತು, ಇದಿಷ್ಟನ್ನು ನಮ್ಮ ಬಂಧುಗಳ ಮುಂದಿಡುತ್ತೇನೆ. ಆಮೇಲೆ ನೀವೇ ತೀರ್ಪು ಕೊಡಿ.

ಆ ಹಾಡುಗಾರನ ಹೆಸರು ವುಡಿ ಗತ್ರಿ. ಹುಟ್ಟಿದ್ದು 1912ರ ಜುಲೈ 14ರಂದು, ಓಕ್ಲಹೋಮ ರಾಜ್ಯದ ಓಕಿಮಾ ಎಂಬ ಸಣ್ಣ ಊರಿನಲ್ಲಿ. ತಂದೆ ಭೂಮಿಯ ವ್ಯಾಪಾರದವನು, ಊರ ರಾಜಕಾರಣದವನು. ಕೂಲಿಕಾರನ ಮನೆಯಲ್ಲಿ ಹುಟ್ಟಿದವನಲ್ಲ ಎಂಬುದನ್ನು ಮೊದಲೇ ಹೇಳಿಬಿಡುತ್ತೇನೆ. ಆದರೆ ಆ ಮನೆಯ ಮೇಲೆ ಬೆಂಕಿಯ ಮೇಲೆ ಬೆಂಕಿ ಬಿತ್ತು. 1919ರಲ್ಲಿ ಅಕ್ಕ ಕ್ಲಾರ ಸುಟ್ಟ ಗಾಯದಿಂದ ಸತ್ತಳು. 1927ರಲ್ಲಿ ತಂದೆಯೂ ಸುಟ್ಟುಕೊಂಡು ಹಾಸಿಗೆ ಹಿಡಿದ. ಅದೇ ವರ್ಷ ತಾಯಿಯನ್ನು ಹುಚ್ಚಾಸ್ಪತ್ರೆಗೆ ಸೇರಿಸಿದರು. ಅವಳಿಗಿದ್ದದ್ದು ಹುಚ್ಚಲ್ಲ, ಹಂಟಿಂಗ್ಟನ್ ಎಂಬ ವಂಶಪಾರಂಪರ್ಯದ ನರರೋಗ. 1930ರಲ್ಲಿ ಅವಳು ತೀರಿಕೊಂಡಳು. ವ್ಯಾಪಾರ ಮುಳುಗಿತು. ಹದಿನೈದು ವರ್ಷದ ಹುಡುಗ ಕಂಡವರ ಮನೆಯಲ್ಲಿ ಉಂಡು, ಕಂಡ ಕೆಲಸ ಮಾಡಿ ಬೆಳೆದ. 1929ರಲ್ಲಿ ಟೆಕ್ಸಸ್ಸಿನ ಪ್ಯಾಂಪಾ ಎಂಬ ಊರು ಸೇರಿ ಅಂಗಡಿಗಳಿಗೆ ಬೋರ್ಡು ಬರೆಯುತ್ತ, ಸಂಜೆ ಗಿಟಾರು ಬಾರಿಸುತ್ತ ಕಾಲ ಹಾಕಿದ.

1935ರ ಏಪ್ರಿಲ್ 14ರಂದು ಆ ಬಯಲಿನ ಮೇಲೆ ಕಪ್ಪು ಧೂಳಿನ ಗೋಡೆಯೇ ಎದ್ದು ಬಂತು. ಲೋಕವೇ ಮುಗಿಯಿತೆಂದು ಜನ ಮನೆಯೊಳಗೆ ಕುಳಿತು ಪ್ರಾರ್ಥಿಸಿದರು. ಮಳೆ ಇಲ್ಲದ್ದು ದೈವದ ಮಾತಾಗಿರಬಹುದು. ಆದರೆ ಹುಲ್ಲುಗಾವಲನ್ನು ಲಾಭದಾಸೆಗೆ ಬುಡಸಹಿತ ಉತ್ತು ಗೋಧಿ ಬಿತ್ತಿದ್ದು ಮನುಷ್ಯರ ಕೆಲಸ, ಬೆಲೆ ಕುಸಿದಾಗ ಸಾಲಕ್ಕೆ ನೆಲ ಕಿತ್ತುಕೊಂಡದ್ದು ಬ್ಯಾಂಕಿನ ಕೆಲಸ. ಲಕ್ಷಾಂತರ ಜನ ಹಳೆಯ ಮೋಟಾರುಗಳಲ್ಲಿ ಹಾಸಿಗೆ ಕಟ್ಟಿಕೊಂಡು ಪಶ್ಚಿಮಕ್ಕೆ, ಕ್ಯಾಲಿಫೋರ್ನಿಯದ ಹಣ್ಣಿನ ತೋಟಗಳ ಕಡೆಗೆ ಹೊರಟರು. 1936ರಲ್ಲಿ ಲಾಸ್ ಏಂಜಲೀಸ್ ನಗರದ ಪೊಲೀಸರು ರಾಜ್ಯದ ಗಡಿಯಲ್ಲೇ ನಿಂತು, ಕೈಯಲ್ಲಿ ಕಾಸಿಲ್ಲದವರನ್ನು ಹಿಂದಕ್ಕೆ ಅಟ್ಟಿದರು. ನೆನಪಿಡಿ, ಅಟ್ಟಿದ್ದು ಪರದೇಶಿಗಳನ್ನಲ್ಲ, ಸ್ವಂತ ದೇಶದ ಬಡವರನ್ನು. ಹೊಟ್ಟೆಪಾಡಿಗಾಗಿ ಊರು ಬಿಟ್ಟು ಬಂದವನಿಗೆ ಇದು ಹೊಸ ಕಥೆಯಲ್ಲ. 1966ರ ನಂತರದ ವರ್ಷಗಳಲ್ಲಿ ಇದೇ ಮುಂಬಯಿಯಲ್ಲಿ ದಕ್ಷಿಣದವರ ಹೋಟೇಲುಗಳ ಮೇಲೆ ಕಲ್ಲು ಬಿದ್ದುದನ್ನು ಕಂಡವರು ನಮ್ಮ ಸಂಘದಲ್ಲಿ ಇನ್ನೂ ಇದ್ದಾರೆ.

ವುಡಿಯೂ ಆ ದಾರಿ ಹಿಡಿದು ಹೋದವನೇ. 1937ರಲ್ಲಿ ಲಾಸ್ ಏಂಜಲೀಸಿನ ಒಂದು ರೇಡಿಯೋ ಕೇಂದ್ರದಲ್ಲಿ ಹಾಡತೊಡಗಿದ. ಧೂಳಿನಿಂದ ಓಡಿ ಬಂದವರೇ ಅವನ ಶ್ರೋತೃಗಳು. ಅಲ್ಲಿ ನಡೆದ ಒಂದು ಪ್ರಸಂಗವನ್ನು ಹೇಳಲೇಬೇಕು. ಅವನು ಹುಟ್ಟಿದ ಊರಿನ ಬಿಳಿಯರಂತೆ ಅವನಿಗೂ ಕರಿಯರನ್ನು ಹೀನಾಯವಾಗಿ ಕರೆಯುವ ಅಭ್ಯಾಸವಿತ್ತು. ಅಂಥ ಒಂದು ಶಬ್ದವಿದ್ದ ಹಾಡನ್ನು ರೇಡಿಯೋದಲ್ಲಿ ಹಾಡಿದಾಗ ಒಬ್ಬ ಕರಿಯ ಶ್ರೋತೃ ಪತ್ರ ಬರೆದು, ಇದರಿಂದ ತನಗೆಷ್ಟು ನೋವಾಯಿತೆಂದು ತಿಳಿಸಿದ. ವುಡಿ ಆ ಪತ್ರವನ್ನು ಹರಿದು ಬಿಸಾಡಲಿಲ್ಲ. ರೇಡಿಯೋದಲ್ಲಿಯೇ ಕ್ಷಮೆ ಕೇಳಿದ; ಆ ಶಬ್ದವನ್ನು ಬಿಟ್ಟ. ಮುಂದೆ ಕರಿಯ ಹಾಡುಗಾರರಾದ ಲೆಡ್‌ಬೆಲಿ, ಸನಿ ಟೆರಿ ಇವರ ಜೊತೆಗೇ ಕುಳಿತು ಹಾಡಿದ. ದೊಡ್ಡವನೆಂದರೆ ತಪ್ಪೇ ಮಾಡದವನಲ್ಲ. ಕೇಳುಗ ತಿದ್ದಿದಾಗ ತಿದ್ದಿಕೊಂಡವನು. ನಮ್ಮ ಹಿರಿಯರಿಗೂ ಈ ಮಾತು ಸಲ್ಲುತ್ತದೆ.

ಈಗ ಆ ಹಾಡಿಗೆ ಬರೋಣ.

1940ರ ಆರಂಭದಲ್ಲಿ ಅವನು ದೇಶವನ್ನು ದಾಟಿ ನ್ಯೂಯಾರ್ಕಿಗೆ ಬಂದ. ಆ ದಿನಗಳಲ್ಲಿ ರೇಡಿಯೋ ತಿರುಗಿಸಿದಲ್ಲೆಲ್ಲ ಅರ್ವಿಂಗ್ ಬರ್ಲಿನ್ ಬರೆದ 'ಗಾಡ್ ಬ್ಲೆಸ್ ಅಮೇರಿಕ' ಎಂಬ ಹಾಡೇ ಮೊಳಗುತ್ತಿತ್ತು. ದೇಶದಲ್ಲಿ ಲಕ್ಷಗಟ್ಟಲೆ ಜನ ಕೆಲಸವಿಲ್ಲದೆ ಅಲೆಯುತ್ತಿರುವಾಗ ದೇವರು ಹರಸಿದನೆಂದು ಮೈಮರೆತು ಹಾಡುವುದು ವುಡಿಗೆ ಸಹಿಸಲಿಲ್ಲ. 1940ರ ಫೆಬ್ರುವರಿ 23ರಂದು, ಹ್ಯಾನೋವರ್ ಹೌಸ್ ಎಂಬ ಅಗ್ಗದ ಹೋಟೇಲಿನ ಕೋಣೆಯಲ್ಲಿ ಕುಳಿತು ಅದಕ್ಕೆ ಉತ್ತರವಾಗಿ ಆರು ಚರಣಗಳ ಹಾಡೊಂದನ್ನು ಬರೆದ. ಅದೇ ನಮ್ಮ ಹಿರಿಯರು ಮೆಚ್ಚಿದ ಹಾಡು. ಶುದ್ಧ ದೇಶಭಕ್ತಿಯೆಂದು ಅವರು ಕೊಂಡಾಡಿದ ಹಾಡು ಹುಟ್ಟಿದ್ದೇ ಜಗಳದಿಂದ! ಹೋಟೇಲು ಕೆಲಸಗಾರರ ಸಭೆಯಲ್ಲಿ ಹೋಟೇಲು ಕೋಣೆಯಲ್ಲಿ ಹುಟ್ಟಿದ ಹಾಡನ್ನು ಉದಾಹರಿಸಿ, ಹೋಟೇಲು ಕೆಲಸಗಾರನ ಬಾಯಿ ಮುಚ್ಚಿಸಿದರಲ್ಲ!

ಆ ಆರು ಚರಣಗಳಲ್ಲಿ ನೆಲ, ನೀರು, ಕಾಡುಗಳ ವರ್ಣನೆ ಇರುವುದು ನಿಜ. ಆದರೆ ಒಂದು ಚರಣ ದಾರಿಗೆ ಅಡ್ಡವಾಗಿ ನಿಂತ 'ಖಾಸಗಿ ಆಸ್ತಿ' ಎಂಬ ಫಲಕವನ್ನು ಕುರಿತದ್ದು. ಇನ್ನೊಂದು, ಇಗರ್ಜಿಯ ನೆರಳಿನಲ್ಲಿ ಸರಕಾರದ ಪರಿಹಾರ ಕಚೇರಿಯ ಮುಂದೆ ಹಸಿದು ನಿಂತವರನ್ನು ಕುರಿತದ್ದು. ಇಷ್ಟೆಲ್ಲ ಇದ್ದ ಮೇಲೆ ಈ ನೆಲ ಯಾರದು ಎಂಬುದೇ ಆ ಹಾಡಿನ ಪ್ರಶ್ನೆ. 1944ರಲ್ಲಿ ಮೋಸೆಸ್ ಆಶ್ ಎಂಬ ಪ್ರಕಾಶಕನ ಬಳಿ ಅವನು ಈ ಹಾಡನ್ನು ಮುದ್ರಿಸಿದ. ಖಾಸಗಿ ಆಸ್ತಿಯ ಚರಣವಿದ್ದ ಒಂದು ಮುದ್ರಣವೂ ಆಗಿತ್ತು. ಅದು ಜನರ ಕಿವಿಗೆ ಬಿದ್ದದ್ದು ಮಾತ್ರ 1997ರಲ್ಲಿ, ಹಾಡಿದವನು ಸತ್ತು ಮೂವತ್ತು ವರ್ಷ ಕಳೆದ ಮೇಲೆ! 1951ರಲ್ಲಿ ಹೊರಬಂದದ್ದು ಆ ಚರಣಗಳಿಲ್ಲದ ಹಾಡು. ಶಾಲೆಯ ಪುಸ್ತಕಗಳಿಗೆ ಹೋದದ್ದೂ ಅಂಥದ್ದೇ. ಅವನೂ ಎಷ್ಟೋ ಸಲ ಚಿಕ್ಕದಾಗಿಯೇ ಹಾಡಿದ್ದುಂಟು. ಕಮ್ಯುನಿಸ್ಟರ ಬೇಟೆ ನಡೆದಿದ್ದ ಕಾಲವೂ ಅದಾಗಿತ್ತು. ಯಾರು ಬಿಟ್ಟರು, ಏಕೆ ಬಿಟ್ಟರು ಎಂದು ಒಬ್ಬರ ಮೇಲೆ ಬೆರಳು ತೋರಿಸುವುದು ಬೇಡ. ಫಲವನ್ನು ಮಾತ್ರ ನೋಡಿ. ಎರಡು ಚರಣ ತೆಗೆದರೆ ಪ್ರಶ್ನೆಯಾಗಿದ್ದ ಹಾಡು ಹೊಗಳಿಕೆಯಾಗುತ್ತದೆ. ಹಸಿದವನ ಹಾಡು ಉಂಡವನ ಹಾಡಾಗುತ್ತದೆ. ನಮ್ಮ ಹಿರಿಯರ ಮೊಮ್ಮಕ್ಕಳು ಹಾಡುವುದು ಈ ಹಲ್ಲು ಕಿತ್ತ ಹುಲಿಯನ್ನು. ಹಿರಿಯರು ಅದನ್ನು ನೋಡಿ, ಹುಲಿಗೆ ಹಲ್ಲೇ ಇರುವುದಿಲ್ಲ ಎಂದು ನಮಗೆ ಪಾಠ ಹೇಳುತ್ತಾರೆ!

ಮಟ್ಟು ಜಾತ್ರೆಯದೆಂಬ ಆಕ್ಷೇಪಕ್ಕೂ ಇಲ್ಲೇ ಉತ್ತರವಿದೆ. ಈ ಹಾಡಿನ ಮಟ್ಟು ವುಡಿಯದಲ್ಲ. ಕಾರ್ಟರ್ ಕುಟುಂಬದವರು ಹಾಡುತ್ತಿದ್ದ ಹಳೆಯ ಭಜನೆಯ ಮಟ್ಟನ್ನು ಎತ್ತಿಕೊಂಡು ತನ್ನ ಮಾತು ತುಂಬಿದ. ಬಹುಪಾಲು ಹಾಡುಗಳನ್ನು ಅವನು ಕಟ್ಟಿದ್ದೇ ಹೀಗೆ. ಜನರ ಕಿವಿಯಲ್ಲಿ ಮೊದಲೇ ಇರುವ ಮಟ್ಟಿಗೆ ಹೊಸ ಮಾತು ಕೂರಿಸಿದರೆ ಒಂದು ಸಲ ಕೇಳಿದವನು ಎರಡನೆಯ ಸಲ ತಾನೇ ಹಾಡುತ್ತಾನೆ. ನಮ್ಮ ಗೀಗೀ ಮೇಳದವರು, ಲಾವಣಿಕಾರರು ಮಾಡಿದ್ದು ಇದನ್ನೇ ಅಲ್ಲವೆ? ಜಾತ್ರೆಯ ಮಟ್ಟು ಕೀಳೆಂದವರು ಜಾತ್ರೆಗೆ ಬಂದವರನ್ನೇ ಕೀಳೆಂದಂತಾಯಿತು.

ಇನ್ನು, "ಕಲಾವಿದ ಪಕ್ಷದ ಬಾಲವಾಗಬಾರದು" ಎಂದು ಒಬ್ಬರು, "ಅವನೂ ಸಂಬಳಕ್ಕೆ ಹಾಡಿದವನೇ" ಎಂದು ಇನ್ನೊಬ್ಬರು ಹೇಳಬಹುದು. ಎರಡಕ್ಕೂ ಮುಚ್ಚುಮರೆಯಿಲ್ಲದೆ ಉತ್ತರಿಸುತ್ತೇನೆ.

1939ರಲ್ಲಿ ಅವನು ಕಮ್ಯುನಿಸ್ಟರ ಪತ್ರಿಕೆಯಾದ 'ಪೀಪಲ್ಸ್ ವರ್ಲ್ಡ್'ನಲ್ಲಿ ಅಂಕಣ ಬರೆದ. ಆ ವರ್ಷ ಹಿಟ್ಲರನೂ ಸ್ಟಾಲಿನನೂ ಒಪ್ಪಂದ ಮಾಡಿಕೊಂಡಾಗ ಅವನೂ ಅವನ ಸಂಗಡಿಗರೂ ಯುದ್ಧ ಬೇಡವೆಂದರು. 1941ರ ಜೂನಿನಲ್ಲಿ ಹಿಟ್ಲರ್ ರಷ್ಯದ ಮೇಲೆ ಬಿದ್ದ ಮೇಲೆ ಯುದ್ಧ ಬೇಕೆಂದರು. ಇದು ಪಕ್ಷದ ಗಾಳಿ ಬೀಸಿದ ಕಡೆಗೆ ತಿರುಗಿದ್ದೇ ಸರಿ. ಇದನ್ನು ನಾನು ಸಮರ್ಥಿಸುವುದಿಲ್ಲ. ಆದರೆ ಯುದ್ಧ ಬಂದ ಮೇಲೆ ಅವನು ಮನೆಯಲ್ಲಿ ಕುಳಿತು ಉಪದೇಶ ಮಾಡಲಿಲ್ಲ. 'ಈ ಯಂತ್ರ ಫ್ಯಾಸಿಸ್ಟರನ್ನು ಕೊಲ್ಲುತ್ತದೆ' ಎಂದು ಗಿಟಾರಿನ ಮೇಲೆ ಬರೆದುಕೊಂಡು, ನಾವಿಕರ ಯೂನಿಯನ್ ಸೇರಿ, ಸರಕು ಹಡಗು ಹತ್ತಿದ. ಹಡಗಿನಲ್ಲಿ ಅವನ ಕೆಲಸವೇನು ಗೊತ್ತೇ? ಊಟ ಬಡಿಸುವುದು, ಪಾತ್ರೆ ತೊಳೆಯುವುದು. ಎರಡು ಸಲ ಅವನಿದ್ದ ಹಡಗು ಶತ್ರುವಿನ ಸ್ಫೋಟಕ್ಕೆ ಸಿಕ್ಕಿತು. ನಮ್ಮಲ್ಲಿ ಎಷ್ಟು ಜನ ಇದೇ ಕೆಲಸ ಮಾಡಿ ಮನೆಗೆ ಹಣ ಕಳಿಸುತ್ತಿದ್ದೇವೆ! ಆ ಕೈಯಿಂದಲೇ ಅವನು ಹಾಡು ಬರೆದ.

ಸಂಬಳದ ಮಾತು. 1940ರ ಕೊನೆಯಲ್ಲಿ ಒಂದು ಹೊಗೆಸೊಪ್ಪಿನ ಕಂಪನಿಯ ರೇಡಿಯೋ ಕಾರ್ಯಕ್ರಮದಲ್ಲಿ ಅವನಿಗೆ ಕೈತುಂಬ ಹಣ ಬರುವ ಕೆಲಸ ಸಿಕ್ಕಿತ್ತು. ಹೆಂಡತಿ ಮಕ್ಕಳನ್ನು ಕರೆಸಿಕೊಂಡ. ಆದರೆ ಏನು ಹಾಡಬೇಕು, ಏನು ಹಾಡಬಾರದು, ಯಾವ ಪತ್ರಿಕೆಗೆ ಬರೆಯಬಾರದು ಎಂದು ಮೇಲಿನವರು ಹೇಳತೊಡಗಿದರು. 1941ರ ಆರಂಭದಲ್ಲಿ ಅವನು ಆ ಕೆಲಸ ಬಿಟ್ಟು ಮೋಟಾರು ಹತ್ತಿ ಹೊರಟುಬಿಟ್ಟ. ಅದೇ ವರ್ಷದ ಮೇ ತಿಂಗಳಲ್ಲಿ ವಾಯವ್ಯದ ಕೊಲಂಬಿಯ ನದಿಯ ಅಣೆಕಟ್ಟುಗಳ ವಿದ್ಯುತ್ತನ್ನು ಮಾರುವ ಸರಕಾರಿ ಇಲಾಖೆ ಅವನನ್ನು ಒಂದು ತಿಂಗಳ ಮಟ್ಟಿಗೆ ನೇಮಿಸಿಕೊಂಡಿತು. ಕೂಲಿ 266 ಡಾಲರು 66 ಸೆಂಟು. ಆ ತಿಂಗಳಲ್ಲಿ ಅವನು ಬರೆದದ್ದು 26 ಹಾಡು. ಎಂದರೆ ಹಾಡೊಂದಕ್ಕೆ ಹತ್ತು ಡಾಲರಿಗಿಂತ ತುಸು ಹೆಚ್ಚು. ನಾವು ತುಂಡಿನ ಲೆಕ್ಕದಲ್ಲಿ ಬಟ್ಟೆ ನೇಯ್ದಂತೆಯೇ! 'ರೋಲ್ ಆನ್ ಕೊಲಂಬಿಯ' ಎಂಬುದು ಅವುಗಳಲ್ಲೊಂದು. 1987ರಲ್ಲಿ ವಾಷಿಂಗ್ಟನ್ ರಾಜ್ಯ ಅದನ್ನು ತನ್ನ ಅಧಿಕೃತ ಜನಪದ ಗೀತೆಯೆಂದು ಸಾರಿತು.

ಎರಡೂ ಸಂಬಳವೇ. ಒಂದನ್ನು ಒದ್ದು ಹೊರಟವನು ಇನ್ನೊಂದನ್ನು ಏಕೆ ಕೈಚಾಚಿ ತೆಗೆದುಕೊಂಡ? ಮೊದಲಿನದರಲ್ಲಿ ಕೊಂಡದ್ದು ಅವನ ನಾಲಿಗೆಯನ್ನು. ಎರಡನೆಯದರಲ್ಲಿ ಕೊಂಡದ್ದು ಅವನ ದುಡಿಮೆಯನ್ನು. ರೈತನ ಮನೆಗೆ ಖಾಸಗಿ ಕಂಪನಿಯ ಹಂಗಿಲ್ಲದೆ ದೀಪ ಬರಬೇಕೆಂದು ಅವನು ನಿಜವಾಗಿ ನಂಬಿದ್ದ, ನಂಬಿದ್ದನ್ನೇ ಹಾಡಿದ. ಆದರೂ ಒಂದು ಮಾತು ಮುಚ್ಚಿಡಬಾರದು. ಗ್ರಾಂಡ್ ಕೂಲಿ ಅಣೆಕಟ್ಟಿನ ನೀರಿನಲ್ಲಿ ಕೆಟಲ್ ಫಾಲ್ಸ್ ಎಂಬ ಜಲಪಾತ ಮುಳುಗಿತು. ಅಲ್ಲಿ ತಲೆತಲಾಂತರದಿಂದ ಮೀನು ಹಿಡಿದು ಬದುಕಿದ್ದ ಮೂಲನಿವಾಸಿಗಳು 1940ರ ಜೂನಿನಲ್ಲಿ ಕೂಡಿ ಅತ್ತು ಅದಕ್ಕೆ ವಿದಾಯ ಹೇಳಿದರು. ಅವರ ಕಣ್ಣೀರಿಗೆ ವುಡಿಯ ಅಣೆಕಟ್ಟಿನ ಹಾಡುಗಳಲ್ಲಿ ಜಾಗ ಸಿಗಲಿಲ್ಲ. ನೆಲ ನಮ್ಮೆಲ್ಲರದೆಂದು ಹಾಡುವಾಗ ಅದು ಮೊದಲು ಯಾರದಾಗಿತ್ತು ಎಂದು ಆ ಜನ ಇಂದೂ ಕೇಳುತ್ತಾರೆ, ಕೇಳುವುದು ನ್ಯಾಯವೇ. ಕಾರ್ಮಿಕನ ಹಾಡಿಗೂ ಕುರುಡಿರಬಹುದು. ಅದಕ್ಕೆ ಪರಿಹಾರ ಇನ್ನೊಬ್ಬನ ಹಾಡು, ಹಾಡನ್ನೇ ನಿಲ್ಲಿಸುವುದಲ್ಲ.

ಬಂಧುಗಳೇ, ನನ್ನ ಮನಸ್ಸನ್ನು ಎಲ್ಲಕ್ಕಿಂತ ಹೆಚ್ಚು ಕಲಕಿದ ಅವನ ಕೃತಿ ಬೇರೆಯೇ ಇದೆ. 1948ರ ಜನವರಿ 28ರಂದು ಕ್ಯಾಲಿಫೋರ್ನಿಯದ ಲಾಸ್ ಗಾಟೋಸ್ ಕಣಿವೆಯಲ್ಲಿ ಒಂದು ವಿಮಾನ ಉರಿದು ಬಿತ್ತು. 32 ಜನ ಸತ್ತರು. ಅವರಲ್ಲಿ 28 ಜನ ಮೆಕ್ಸಿಕೋದ ಹೊಲಗೂಲಿಗಳು. ಹಣ್ಣು ಕಿತ್ತು ಮುಗಿದ ಮೇಲೆ ಸರಕಾರ ಅವರನ್ನು ಗಡಿಯಾಚೆ ಕಳಿಸುತ್ತಿತ್ತು. ದೂರದ ನ್ಯೂಯಾರ್ಕಿಗೆ ಬಂದ ಸುದ್ದಿಯಲ್ಲಿ ವಿಮಾನ ನಡೆಸುವವರ ಹೆಸರಿತ್ತು, ಕಾವಲುಗಾರನ ಹೆಸರಿತ್ತು. ಉಳಿದ 28 ಜನ ಬರೀ 'ಗಡೀಪಾರಾದವರು'. ವುಡಿ ಅದನ್ನು ಕಂಡು ಕುದಿದು ಹೋದ. ಆ ಹೆಸರಿಲ್ಲದವರಿಗೆ ತಾನೇ ಹೆಸರಿಟ್ಟು ಒಂದು ಪದ್ಯ ಬರೆದ. ಸುಮಾರು ಹತ್ತು ವರ್ಷದ ನಂತರ ಮಾರ್ಟಿನ್ ಹಾಫ್‌ಮನ್ ಎಂಬ ಶಾಲಾ ಶಿಕ್ಷಕ ಅದಕ್ಕೆ ಮಟ್ಟು ಹಾಕಿದ. 'ಡಿಪೋರ್ಟೀ' ಎಂಬ ಆ ಹಾಡು ಬಾಯಿಂದ ಬಾಯಿಗೆ ಹೋಯಿತು.

ಆ 28 ಜನರನ್ನು ಫ್ರೆಸ್ನೋ ನಗರದ ಸ್ಮಶಾನದಲ್ಲಿ ಒಂದೇ ಕುಣಿಯಲ್ಲಿ ಹೂಳಿದ್ದರು. ಕಲ್ಲಿನ ಮೇಲೆ ಒಂದೇ ಒಂದು ಹೆಸರಿರಲಿಲ್ಲ. 65 ವರ್ಷ ಹಾಗೆಯೇ ಇತ್ತು. ಆ ಹಾಡಿನ ಜಾಡು ಹಿಡಿದ ಟಿಮ್ ಹೆರ್ನಾಂಡೆಜ್ ಎಂಬ ಲೇಖಕರೂ ಅವರ ಜೊತೆಗಾರರೂ ಹಳೆಯ ದಾಖಲೆ ತೆಗೆಸಿ ಹೆಸರು ಹುಡುಕಿ, ಚಂದಾ ಕೂಡಿಸಿ, 2013ರ ಸೆಪ್ಟೆಂಬರಿನ ಕಾರ್ಮಿಕ ದಿನದಂದು 28 ಹೆಸರುಗಳನ್ನೂ ಕೆತ್ತಿದ ಹೊಸ ಕಲ್ಲನ್ನು ನಿಲ್ಲಿಸಿದರು. ಹಾಡು ಇಲ್ಲದಿದ್ದರೆ ಹುಡುಕುವವರು ಎಲ್ಲಿಂದ ಬರುತ್ತಿದ್ದರು? ಈಗ ಹೇಳಿ, ಅದು ಬೇಡಿಕೆಯ ಪಟ್ಟಿಯೋ, ಹಾಡೋ? ಬೇಡಿಕೆಯೇ ಆಗಿದ್ದರೆ, ಸತ್ತವನಿಗೆ ಅವನ ಹೆಸರನ್ನು ಕೊಡಿ ಎಂಬ ಬೇಡಿಕೆ. 'ಏ ಹುಡುಗ', 'ಏ ಪೋರ' ಎಂದು ಕರೆಸಿಕೊಂಡೇ ಬೆಳೆದ ನಮಗೆ ಹೆಸರಿನ ಬೆಲೆಯನ್ನು ಯಾರೂ ಕಲಿಸಬೇಕಾಗಿಲ್ಲ. ನನ್ನನ್ನು ಮೊದಲ ಸಲ ಪೂರ್ತಿ ಹೆಸರು ಹಿಡಿದು ಕರೆದದ್ದು ರಾತ್ರಿ ಶಾಲೆಯ ಹಾಜರಿ ಪುಸ್ತಕ.

ಇನ್ನೊಂದು ಸಂಗತಿ. 1950ರ ಕೊನೆಯಲ್ಲಿ ವುಡಿ ನ್ಯೂಯಾರ್ಕಿನ ಬ್ರೂಕ್ಲಿನ್ನಿನಲ್ಲಿ ಬೀಚ್ ಹೇವನ್ ಎಂಬ ಹೊಸ ವಸತಿಗೆ ಬಾಡಿಗೆಗೆ ಹೋದ. ಕಟ್ಟಿಸಿದವನು ಫ್ರೆಡ್ ಟ್ರಂಪ್. ಬೆಂಬಲ ಸರಕಾರದ ಸಾಲದ ಖಾತರಿಯದು. ಅಲ್ಲಿ ಕರಿಯರು ಕಾಣದಿರುವುದನ್ನು ನೋಡಿ ವುಡಿ ಕೋಪದಿಂದ ಪದ್ಯಗಳನ್ನು ಬರೆದಿಟ್ಟ. ಅವು ಅವನ ಕಾಗದಪತ್ರಗಳಲ್ಲಿಯೇ ಉಳಿದು, ವಿಲ್ ಕಾಫ್‌ಮನ್ ಎಂಬ ವಿದ್ವಾಂಸರ ಮೂಲಕ 2016ರಲ್ಲಿ ಪ್ರಕಟವಾದವು. ಅಷ್ಟರಲ್ಲಿ ಆ ಮನೆ ಮಾಲಿಕನ ಮಗ ದೇಶದ ಅಧ್ಯಕ್ಷ ಪದವಿಗೆ ಸ್ಪರ್ಧಿಸುತ್ತಿದ್ದ! 1973ರಲ್ಲಿ ಅಮೇರಿಕದ ನ್ಯಾಯ ಇಲಾಖೆಯೇ ಆ ಕುಟುಂಬದ ಸಂಸ್ಥೆಯ ಮೇಲೆ ಬಾಡಿಗೆಯಲ್ಲಿ ವರ್ಣಭೇದ ಮಾಡಿದ ಆರೋಪ ಹೊರಿಸಿ ದಾವೆ ಹೂಡಿತ್ತು. ಇಲಾಖೆಯ ಕಣ್ಣಿಗೆ ಬೀಳಲು ಇಪ್ಪತ್ತು ವರ್ಷ ಬೇಕಾದದ್ದು ಬಾಡಿಗೆದಾರ ಹಾಡುಗಾರನಿಗೆ ಒಡನೆಯೇ ಕಂಡಿತ್ತು. ಜಾತಿ, ಭಾಷೆ, ಊಟ ಕೇಳಿ ಕೋಣೆ ಕೊಡುವ ನಗರಗಳಲ್ಲಿ ಬಾಳುವ ನಾವು ಇದನ್ನು ಹೆಚ್ಚು ವಿವರಿಸಬೇಕಾಗಿಲ್ಲ.

ವುಡಿಯನ್ನು ನಾನು ಸಂತನನ್ನಾಗಿ ಮಾಡಹೊರಟಿಲ್ಲ. ಊರಿಗೆ ಉಪಕಾರಿ, ಮನೆಗೆ ಮಾರಿ ಎಂಬ ಗಾದೆ ಅವನಿಗೂ ತಗಲುತ್ತದೆ. ಮೂರು ಮದುವೆ, ಎಂಟು ಮಕ್ಕಳು. ಮನಸ್ಸು ಬಂದಾಗ ಮನೆ ಬಿಟ್ಟು ಹೋಗುತ್ತಿದ್ದ. ಮಕ್ಕಳಿಗೆ ಉಣಿಸುವ ಭಾರ ಹೆಂಡತಿಯ ಮೇಲೆ ಬೀಳುತ್ತಿತ್ತು. ತಾಯಿಯನ್ನು ತಿಂದ ರೋಗವೇ ಅವನನ್ನೂ ಹಿಡಿಯಿತು. 1952ರಲ್ಲಿ ರೋಗದ ಹೆಸರು ಗೊತ್ತಾಯಿತು. ಮುಂದೆ ಕೈ ಗಿಟಾರು ಹಿಡಿಯದಾಯಿತು, ನಾಲಿಗೆ ತೊದಲಿತು. 1956ರಿಂದ ಐದು ವರ್ಷ ನ್ಯೂಜೆರ್ಸಿಯ ಗ್ರೇಸ್ಟೋನ್ ಮಾನಸಿಕ ಆಸ್ಪತ್ರೆಯಲ್ಲಿ, ಆಮೇಲೆ ಬೇರೆ ಆಸ್ಪತ್ರೆಗಳಲ್ಲಿ ಕಳೆದ. ವಿಚ್ಛೇದನವಾದ ಮೇಲೂ ಅವನನ್ನು ಕೊನೆಯ ವರೆಗೆ ನೋಡಿಕೊಂಡವಳು ಎರಡನೆಯ ಹೆಂಡತಿ ಮಾರ್ಜರಿ, ನೃತ್ಯ ಕಲಿಸಿ ಮಕ್ಕಳನ್ನು ಸಾಕಿದವಳು. 1967ರ ಅಕ್ಟೋಬರ್ 3ರಂದು 55ನೆಯ ವಯಸ್ಸಿನಲ್ಲಿ ಅವನು ಸತ್ತಾಗ ಅವಳು ಅತ್ತು ಕೂರಲಿಲ್ಲ. ಆ ರೋಗದ ವಿರುದ್ಧ ಹೋರಾಡುವ ಸಮಿತಿ ಕಟ್ಟಿದಳು. ರೋಗಕ್ಕೆ ಕಾರಣವಾದ ವಂಶಾಣುವನ್ನು ವಿಜ್ಞಾನಿಗಳು 1993ರಲ್ಲಿ ಗುರುತಿಸಿದರು. ಹಾಡುಗಾರನನ್ನು ಹೊಗಳುವವರು ಅವಳ ಹೆಸರನ್ನೂ ಹೇಳಬೇಕು.

ಬದುಕಿದ್ದಾಗ ಅವನಿಗೆ ಸಿಕ್ಕ ಸನ್ಮಾನವೇನು? ಗೂಢಚಾರ ಇಲಾಖೆ ಅವನ ಮೇಲೆ ಕಡತ ತೆರೆದಿತ್ತು. ಅವನ ಸಂಗಡಿಗ ಪೀಟ್ ಸೀಗರ್ 1955ರಲ್ಲಿ ಸಂಸದೀಯ ಸಮಿತಿಯ ಮುಂದೆ ತನ್ನ ಗೆಳೆಯರ ಹೆಸರು ಹೇಳಲು ಒಪ್ಪದೆ ಶಿಕ್ಷೆಗೆ ಗುರಿಯಾಗಿ, 1962ರಲ್ಲಷ್ಟೆ ಬಿಡುಗಡೆ ಪಡೆದ. ವರ್ಷಗಟ್ಟಲೆ ದೂರದರ್ಶನದ ಬಾಗಿಲು ಅವನಿಗೆ ಮುಚ್ಚಿತ್ತು. ವುಡಿ ಹುಟ್ಟಿದ ಊರಿನ ದೊಡ್ಡವರು ಕೆಂಪಿನವನೆಂದು ಎಷ್ಟೋ ಕಾಲ ಅವನ ಹೆಸರೆತ್ತಲು ಹಿಂಜರಿದರು. ಸತ್ತು ಮೂವತ್ತು ವರ್ಷವಾದ ಮೇಲೆ, 1998ರಲ್ಲಿ, ಸರಕಾರ ಅವನ ಅಂಚೆಚೀಟಿ ಹೊರಡಿಸಿತು. ಅದೇ ವರ್ಷ ಊರಿನಲ್ಲಿ ಅವನ ಹೆಸರಿನ ಉತ್ಸವ ಶುರುವಾಯಿತು. ನೆಲವನ್ನು ಎಲ್ಲರದೆಂದ ಹಾಡಿನ ಹಕ್ಕು ಒಂದು ಪ್ರಕಾಶನ ಸಂಸ್ಥೆಯದಾಯಿತು. 2004ರಲ್ಲಿ ಯಾರೋ ಅದನ್ನು ಅಣಕವಾಡಿದ್ದಕ್ಕೆ ಆ ಸಂಸ್ಥೆ ಕಾನೂನಿನ ಬೆದರಿಕೆ ಹಾಕಿತು. 2013ರಲ್ಲಿ ಟಲ್ಸ ನಗರದಲ್ಲಿ ತೆರೆದ ಭಂಡಾರದಲ್ಲಿ ಅವನ ಕಾಗದಗಳಿವೆ. ಅವನ್ನು ಕೊಂಡದ್ದು ತೈಲದಿಂದಲೂ ಬ್ಯಾಂಕಿನಿಂದಲೂ ಧನಿಕನಾದವನ ಪ್ರತಿಷ್ಠಾನ! ಕಾಗದ ಉಳಿಯಿತಲ್ಲ ಎಂದು ಸಂತೋಷಪಡೋಣ. ಆದರೆ ನಗು ಬಂದರೆ ತಡೆಯುವುದೂ ಬೇಡ.

ಆದರೂ ಬಿಟ್ಟ ಚರಣಗಳು ಸಾಯಲಿಲ್ಲ. ಸೀಗರ್ ಮುಂತಾದವರೂ, ವುಡಿಯ ಮಗ ಆರ್ಲೋನೂ ಅವನ್ನು ಬಾಯಿಯಿಂದ ಬಾಯಿಗೆ ದಾಟಿಸಿದರು. 2009ರ ಜನವರಿ 18ರಂದು, ಒಬಾಮ ಅಧಿಕಾರ ವಹಿಸುವ ಎರಡು ದಿನ ಮೊದಲು, ಲಿಂಕನ್ ಸ್ಮಾರಕದ ಮುಂದೆ ಲಕ್ಷಾಂತರ ಜನರೆದುರು ತೊಂಬತ್ತರ ಹತ್ತಿರದ ಸೀಗರ್ ಆ ಹಾಡನ್ನು ಬಿಟ್ಟುಹೋದ ಚರಣಗಳನ್ನು ಸೇರಿಸಿಯೇ ಹಾಡಿಸಿದ. ಪೂರ್ತಿ ಹಾಡು ರಾಜಧಾನಿಯ ನಡುವೆ ಕೇಳಿಸಲು 69 ವರ್ಷ ಬೇಕಾಯಿತು!

ನಮ್ಮ ಕಥೆಯೇನು? ಇದೇ ಮುಂಬಯಿಯ ಗಿರಣಿಯಲ್ಲಿ ದುಡಿದ ಅಣ್ಣಾಭಾವು ಸಾಠೆಯವರು 1944ರಲ್ಲಿ ಅಮರ ಶೇಖ್, ಗವಾಣಕರರ ಜೊತೆಗೂಡಿ ಲಾಲ್ ಬಾವುಟಾ ಕಲಾಪಥಕ ಕಟ್ಟಿ ಚಾಳು ಚಾಳಿನಲ್ಲಿ ಲಾವಣಿ ಹಾಡಿದರು. 1969ರಲ್ಲಿ ಬಡತನದಲ್ಲಿಯೇ ತೀರಿಕೊಂಡರು. 2002ರಲ್ಲಿ ಅವರಿಗೂ ಅಂಚೆಚೀಟಿ ಬಂತು! ಅಲ್ಲಿಗೂ ಇಲ್ಲಿಗೂ ವ್ಯತ್ಯಾಸವೆಲ್ಲಿ? ಇದ್ದಾಗ ಹತ್ತು ನಿಮಿಷ ಕೊಡದವರು ಸತ್ತ ಮೇಲೆ ಅಂಚೆಚೀಟಿಯ ಹಿಂದೆ ಅಂಟು ಸವರುತ್ತಾರೆ. ಮರಾಠಿ ಬಂಧುಗಳು ತಮ್ಮ ಶಾಹಿರರ ಹೆಸರನ್ನಾದರೂ ಉಳಿಸಿಕೊಂಡರು. ಅದೇ ಗಿರಣಿಗಳಲ್ಲಿ ಮಗ್ಗ ನಡೆಸಿದ ಕನ್ನಡಿಗರು, 1982ರ ಜನವರಿ 18ರಂದು ಸುರುವಾದ ಎರಡೂವರೆ ಲಕ್ಷ ಜನರ ಮುಷ್ಕರದಲ್ಲಿ ಪಾತ್ರೆ ಪಡಗ ಅಡವಿಟ್ಟು ನಿಂತ ಕನ್ನಡಿಗರು ಏನು ಹಾಡಿದರು? ಗಿರಣಿಗಳಿದ್ದಲ್ಲಿ ಗೋಪುರಗಳೆದ್ದಿವೆ. ಹಾಡಿದವರು ಒಬ್ಬೊಬ್ಬರಾಗಿ ಹೋಗುತ್ತಿದ್ದಾರೆ. ನಾವು ಒಂದನ್ನೂ ಬರೆದಿಟ್ಟಿಲ್ಲ. ಇದು ಧಣಿಗಳ ತಪ್ಪಲ್ಲ, ಸರಕಾರದ ತಪ್ಪಲ್ಲ, ನಮ್ಮದೇ ತಪ್ಪು.

ಸಿನಿಮಾ ಹಾಡಿನ ಮೇಲೆ ನನಗೆ ಹಗೆಯಿಲ್ಲ. ದುಡಿದು ದಣಿದವನಿಗೆ ಒಂದು ಸಂಜೆ ರಂಜನೆ ಬೇಕು. ನಾನೂ ಮುಂದಿನ ಸಾಲಿನಲ್ಲಿ ಕುಳಿತು ಕೇಳುವವನೇ. ನಾನು ಕೇಳುವುದು ಮೂರು ಮಾತು ಮಾತ್ರ.

ಮೊದಲನೆಯದು, ವಾರ್ಷಿಕೋತ್ಸವದಲ್ಲಿ ನಮ್ಮವರೇ ಕಟ್ಟಿದ ಹಾಡಿಗೆ ಅರ್ಧ ಗಂಟೆ ಮೀಸಲಿರಲಿ. ಚೆನ್ನಾಗಿಲ್ಲದಿದ್ದರೆ ಕೇಳಿದವರು ಹೇಳುತ್ತಾರೆ; ಕೇಳುವ ಮೊದಲೇ ಸಮಿತಿ ಹೇಳುವುದು ಬೇಡ.

ಎರಡನೆಯದು, ಗಿರಣಿಯಲ್ಲಿ, ಹೋಟೇಲಿನಲ್ಲಿ ದುಡಿದು ಮುದುಕರಾದವರ ಬಾಯಲ್ಲಿ ಉಳಿದಿರುವ ಪದಗಳನ್ನು, ಕನ್ನಡವಿರಲಿ ತುಳುವಿರಲಿ ಕೊಂಕಣಿಯಿರಲಿ, ಹಾಡಿದವರ ಹೆಸರು ಸಹಿತ ಬರೆದುಕೊಂಡು ಈ ಪತ್ರಿಕೆಯಲ್ಲಿ ಪ್ರಕಟಿಸೋಣ. ಇಂದು ಪ್ರತಿ ಹುಡುಗನ ಜೇಬಿನಲ್ಲಿ ಧ್ವನಿ ಹಿಡಿದಿಡುವ ಯಂತ್ರವಿದೆ. ನೆಪ ಹೇಳಲು ಜಾಗವಿಲ್ಲ.

ಮೂರನೆಯದು, ಪ್ರಕಟಿಸುವಾಗ ಯಾವ ಚರಣವನ್ನೂ ಬಿಡಬಾರದು. ಯಾರದೋ ಮನಸ್ಸಿಗೆ ನೋವಾಗುವುದೆಂದೋ, ಜಾಹೀರಾತು ಕೊಡುವ ಧಣಿ ಮುನಿಯುವನೆಂದೋ ಕತ್ತರಿ ಹಾಕಬಾರದು. ನಾವು ಕತ್ತರಿಸಿದ ಚರಣವನ್ನು ಹುಡುಕಿ ಹಾಡಲು ನಮ್ಮಲ್ಲಿ ಸೀಗರನಿಲ್ಲ.

ಆ ರಾತ್ರಿ ಕಾಗದ ಮಡಿಚಿ ಎದ್ದು ಹೋದ ನಮ್ಮ ಸದಸ್ಯರನ್ನು ಮರುದಿನ ಅವರ ಹೋಟೇಲಿನ ಹಿಂಬಾಗಿಲಲ್ಲಿ ಕಂಡೆ. ಹಾಡನ್ನು ಹರಿದುಬಿಟ್ಟಿರಾ ಎಂದು ಕೇಳಿದೆ. "ಹರಿಯುವುದೇಕೆ? ಮೂರನೆಯ ಚರಣ ಸೇರಿಸಿದ್ದೇನೆ" ಎಂದರು. ಆ ಮೂರನೆಯ ಚರಣ ನಮ್ಮ ಸಮಿತಿಯನ್ನು ಕುರಿತದ್ದು. ಸಭೆಯ ಹಿರಿಯರು ಅದನ್ನು ತಪ್ಪದೆ ಕೇಳಬೇಕೆಂದು ನನ್ನ ವಿನಂತಿ.